ಊರು ಹೆಸರಿಲ್ಲದ ಡಿಎಲ್‌ಎಲ್ ಬೇಡ, ಲ್ಯಾಬಿನಲ್ಲೇ ಕಟ್ಟಿಸಿ

ಮಾನ್ಯ ಸಂಪಾದಕರೆ,

ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಒಪ್ಪಿಸುವ ದಿನಗಳು ಬಂತೆಂದರೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಲ್ಯಾಬಿನಲ್ಲಿ ಸರಾಗವಾಗಿ ಓಡುತ್ತಿದ್ದ ಸಿ ಪ್ರೋಗ್ರಾಮನ್ನು ವಿದ್ಯಾರ್ಥಿ ಪೆನ್‌ಡ್ರೈವಿನಲ್ಲಿ ತಂದು ಪರೀಕ್ಷಕರ ಮುಂದಿನ ಕಂಪ್ಯೂಟರಿನಲ್ಲಿ ತೆರೆದೊಡನೆ, ‘ಸಿಗ್‌ವಿನ್1.ಡಿಎಲ್‌ಎಲ್ ಸಿಗಲಿಲ್ಲ’ ಎಂಬ ಪುಟ್ಟ ಚೌಕ ಪರದೆಯ ನಡುವೆ ಬಂದು ಕೂರುತ್ತದೆ. ಡಿಎಲ್‌ಎಲ್ ಎಂದರೆ ಪ್ರೋಗ್ರಾಮು ಓಡುವಾಗ ಎರವಲು ಪಡೆಯುವ ಸಿದ್ಧ ಕೋಡಿನ ಫೈಲು. ಗಾಬರಿಗೊಂಡ ವಿದ್ಯಾರ್ಥಿ ಆ ಹೆಸರನ್ನೇ ಗೂಗಲಿಸಿ, ಡಿಎಲ್‌ಎಲ್ ಫೈಲುಗಳನ್ನು ಬಿಡಿಬಿಡಿಯಾಗಿ ಹಂಚುವ ಯಾವುದೋ ತಾಣದಿಂದ ಅದನ್ನು ಇಳಿಸಿಕೊಂಡು, ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿಗೆ ತುರುಕಿ, ಅಂತೂ ಓಡಿತಲ್ಲ ಎಂದು ಬೆವರು ಒರೆಸಿಕೊಳ್ಳುತ್ತಾನೆ. ಲ್ಯಾಬ್ ಬೋಧಕನಾಗಿ ಬಹಳ ವರ್ಷ ಕೆಲಸ ಮಾಡಿ ಈಚೆಗೆ ನಿವೃತ್ತನಾದ ನನಗೆ, ಈ ಅಭ್ಯಾಸದ ವಿಷಯದಲ್ಲಿ ಕಾಲೇಜುಗಳ ಗಮನಕ್ಕೆ ಕೆಲವು ಮಾತು ತರಬೇಕೆನಿಸಿದೆ.

ಈ ಫೈಲು ಎಲ್ಲಿಂದಲೋ ಉದುರಿದ್ದಲ್ಲ. 1995ರಲ್ಲಿ ಅಮೆರಿಕದ ಸಿಗ್ನಸ್ ಸೊಲ್ಯೂಷನ್ಸ್ ಕಂಪನಿಯಲ್ಲಿ ಸ್ಟೀವ್ ಚೇಂಬರ್ಲೇನ್ ಆರಂಭಿಸಿದ ಸಿಗ್‌ವಿನ್ ಯೋಜನೆಯ ಹೃದಯಭಾಗವಿದು. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ಬರೆದ ಪ್ರೋಗ್ರಾಮನ್ನು ವಿಂಡೋಸ್‌ನಲ್ಲಿ ಹೊಸದಾಗಿ ಕಂಪೈಲ್ ಮಾಡಿದಾಗ, ಅಂದರೆ ಯಂತ್ರ ಓಡಿಸಬಲ್ಲ ಫೈಲಾಗಿಸಿದಾಗ, ಅದು ಕೇಳುವ ಯುನಿಕ್ಸ್ ಕರೆಗಳನ್ನು ವಿಂಡೋಸ್‌ಗೆ ಅರ್ಥವಾಗುವ ಕರೆಗಳಾಗಿ ಮಾಡಿಕೊಡುವ ದುಭಾಷಿ ಇದು ಎನ್ನಬಹುದು. ಇದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಪಠ್ಯ, ಪೂರ್ತಿಯಾಗಿ ಬಹಿರಂಗವಾಗಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಕಂಪೈಲ್ ಮಾಡಿ ಡಿಎಲ್‌ಎಲ್ ಕಟ್ಟಬಹುದು. ಅಧಿಕೃತ ಸೆಟಪ್ ಪ್ರೋಗ್ರಾಮು ತಾನು ಇಳಿಸುವ ಪಟ್ಟಿಯ ಡಿಜಿಟಲ್ ಸಹಿಯನ್ನೂ ಪ್ರತಿ ಪ್ಯಾಕೇಜಿನ ಚೆಕ್‌ಸಮ್ಮನ್ನೂ (ಫೈಲು ಬದಲಾಗಿಲ್ಲವೆಂದು ತೋರಿಸುವ ಸಂಖ್ಯೆ) ತಾಳೆ ನೋಡುತ್ತದೆ, ಅಡ್ಮಿನ್ ಪಾಸ್‌ವರ್ಡ್ ಇಲ್ಲದವರಿಗೂ ಅದರಲ್ಲಿ ದಾರಿಯಿದೆ. ಬಿಡಿ ಡಿಎಲ್‌ಎಲ್ ಹಂಚುವ ತಾಣಗಳಲ್ಲಿ ಈ ಯಾವ ಭರವಸೆಯೂ ಇಲ್ಲ. ಅಲ್ಲಿ ಸಿಕ್ಕಿದ್ದು ಯಾವ ವರ್ಷದ ಆವೃತ್ತಿ, ಯಾರು ಕಟ್ಟಿದ್ದು, ಒಳಗೆ ಇನ್ನೇನು ಸೇರಿದೆ ಎಂಬುದನ್ನು ಕೇಳುವ ಪುರಸೊತ್ತು ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ವೈರಸ್ಸಿನ ಮಾತು ಹಾಗಿರಲಿ, ಸಾಚಾ ಫೈಲೇ ಆಗಿದ್ದರೂ ಒಂದೇ ಯಂತ್ರದಲ್ಲಿ ಎರಡು ಆವೃತ್ತಿಗಳು ಬೆರೆತು, ತಾಯಿ ಪ್ರೊಸೆಸ್ಸಿಗೆ (ಪ್ರೊಸೆಸ್ ಎಂದರೆ ಓಡುತ್ತಿರುವ ಪ್ರೋಗ್ರಾಮು) ಒಂದು, ಅದು ಹುಟ್ಟಿಸಿದ ಮರಿ ಪ್ರೊಸೆಸ್ಸಿಗೆ ಇನ್ನೊಂದು ದಕ್ಕಿತೆಂದರೆ ಪ್ರೋಗ್ರಾಮು ಅಲ್ಲಿಯೇ ನೆಲಕಚ್ಚುತ್ತದೆ. ಸಿಸ್ಟಮ್32ಕ್ಕೆ ಒಬ್ಬ ಹಾಕಿಹೋದ ಪ್ರತಿ ಮುಂದಿನ ಬ್ಯಾಚಿನವರನ್ನು ತಿಂಗಳುಗಟ್ಟಲೆ ಕಾಡಿದ್ದನ್ನು ನಾನೇ ಕಂಡಿದ್ದೇನೆ.

ನಿವೃತ್ತಿಗೆ ಮುಂಚಿನ ಒಂದು ರಜೆಯಲ್ಲಿ ಆಸಕ್ತಿಯಿದ್ದ ಐದಾರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಇದೇ ಡಿಎಲ್‌ಎಲ್ಲನ್ನು ಸೋರ್ಸ್ ಕೋಡಿನಿಂದ ಕಟ್ಟಿದೆವು. ಮೊದಲಿಗೆ ಅವರಿಗೆ ನಗು ತರಿಸಿದ್ದು, ಸಿಗ್‌ವಿನ್ ಕಟ್ಟಲು ಸಿಗ್‌ವಿನ್ನೇ ಬೇಕೆಂಬ ಸಂಗತಿ. ಲಿನಕ್ಸ್ ಯಂತ್ರದಲ್ಲಿ ಕೂತು ವಿಂಡೋಸ್‌ಗಾಗಿ ಕ್ರಾಸ್ ಕಂಪೈಲ್ ಮಾಡುವ ದಾರಿ ಇದೆಯಾದರೂ, ವಿಂಡೋಸ್‌ನಲ್ಲಿಯೇ ಕಟ್ಟುವುದಾದರೆ ಅಧಿಕೃತ ಸೆಟಪ್‌ನಿಂದ ಹಾಕಿಕೊಂಡ ಸಿಗ್‌ವಿನ್ ಮೊದಲೇ ಇರಬೇಕು. ಹೆಪ್ಪಿಲ್ಲದೆ ಮೊಸರಾಗುವುದುಂಟೆ ಎಂದು ನಾನು ಹೇಳಿದ ಮೇಲೆ ಅವರು ಸುಮ್ಮನಾದರು.

ಮೊದಲ ದಿನ ಪೂರ್ತಿ ವ್ಯರ್ಥವಾಯಿತು. ಸೋರ್ಸ್‌ವೇರ್ ತಾಣದಲ್ಲಿರುವ ‘ನ್ಯೂಲಿಬ್-ಸಿಗ್‌ವಿನ್’ ಎಂಬ ಭಂಡಾರವನ್ನು ಒಬ್ಬ ಹುಡುಗ ತನ್ನ ವಿಂಡೋಸ್ ಗಿಟ್‌ನಲ್ಲಿ (ಸೋರ್ಸ್ ಕೋಡ್ ಇಳಿಸಿ ನಿರ್ವಹಿಸುವ ಉಪಕರಣ) ಇಳಿಸಿದ. ಆ ಗಿಟ್ ತನ್ನ ರೂಢಿಯಂತೆ ಪ್ರತಿ ಸಾಲಿನ ಕೊನೆಗೂ ವಿಂಡೋಸ್ ಪದ್ಧತಿಯ ಒಂದು ಕಣ್ಣಿಗೆ ಕಾಣದ ಅಕ್ಷರವನ್ನು ಸೇರಿಸಿತ್ತು. ಸ್ಕ್ರಿಪ್ಟ್ ಓಡಿಸಿದೊಡನೆ ‘ಬ್ಯಾಕ್‌ಸ್ಲ್ಯಾಶ್ ಆರ್ ಎಂಬ ಕಮಾಂಡ್ ಇಲ್ಲ’ ಎಂದು ಕಮಾಂಡುಗಳನ್ನು ಓದಿ ನಡೆಸುವ ಬ್ಯಾಶ್ ಗೊಣಗತೊಡಗಿತು. ಅಂಥ ಕಮಾಂಡನ್ನು ನಾವು ಕೊಟ್ಟೇ ಇಲ್ಲವಲ್ಲ ಎಂದು ಎಲ್ಲರೂ ಫೈಲು ತೆರೆದು ನೋಡಿದರೆ ಅಲ್ಲಿ ಏನೂ ಕಾಣದು; ಬ್ಯಾಕ್‌ಸ್ಲ್ಯಾಶ್ ಆರ್ ಎಂಬುದು ಆ ಕಾಣದ ಅಕ್ಷರದ್ದೇ ಗುರುತು. ಕೊನೆಗೆ ಎಲ್ಲವನ್ನೂ ಅಳಿಸಿ ಸಿಗ್‌ವಿನ್‌ನದೇ ಗಿಟ್‌ನಿಂದ ಮತ್ತೆ ಇಳಿಸಿದ ಮೇಲೆ ಕಾಟ ತಪ್ಪಿತು. ಇನ್ನೊಬ್ಬಳು ತನ್ನ ಹೆಸರಿನ ಫೋಲ್ಡರಿನಲ್ಲಿ ಕಟ್ಟಲು ಹೋಗಿ, ಹೆಸರಿಗೂ ಇನಿಷಿಯಲ್ಲಿಗೂ ನಡುವೆ ಇದ್ದ ಒಂದು ಖಾಲಿ ಜಾಗದಿಂದಾಗಿ ಕಟ್ಟುವ ಕೆಲಸವನ್ನು ನಡೆಸುವ ‘ಮೇಕ್’ ದಾರಿ ತಪ್ಪುವುದನ್ನು ಕಂಡುಕೊಂಡಳು. ಅರ್ಧ ದಾರಿಯಲ್ಲಿ ‘ಶಿಲ್ಕಾ’ ಎಂಬ ಹೆಸರು ಬಂದು ಕೆಲಸ ನಿಂತಾಗ ನಾನೂ ತಲೆ ಕೆರೆದುಕೊಂಡೆ. ಅದು ‘ಕೋಕಾಮ್’ ಪ್ಯಾಕೇಜಿನೊಳಗಿನ ಒಂದು ಉಪಕರಣ, ಯುನಿಕ್ಸ್ ಪದ್ಧತಿಯ ಸಾಧನಗಳ ಹೆಸರುಗಳನ್ನು ಬೇಗ ಗುರುತಿಸುವ ಕೋಡನ್ನು ಬರೆದುಕೊಡುತ್ತದೆ. ಸಿಗ್‌ವಿನ್ ಇಲ್ಲದೆ ಓಡುವ ವಿಂಡೋಸ್ ಪ್ರೋಗ್ರಾಮು ಕಟ್ಟುವ ಮಿಂಗ್‌ಡಬ್ಲ್ಯೂ ಕಂಪೈಲರ್ ಕೂಡ ಯಾಕೆ ಬೇಕೆಂದು ವಿದ್ಯಾರ್ಥಿಗಳು ಕೇಳಿದ್ದು ಒಳ್ಳೆಯ ಪ್ರಶ್ನೆಯಾಗಿತ್ತು. ‘ಸಿಗ್‌ಚೆಕ್’, ‘ಎಸ್‌ಟ್ರೇಸ್’ನಂಥ ತಪಾಸಣೆಯ ಪ್ರೋಗ್ರಾಮುಗಳು ಈ ಡಿಎಲ್‌ಎಲ್ಲನ್ನು ನಂಬಿಕೊಂಡಿರುವುದಿಲ್ಲ, ಅವು ಶುದ್ಧ ವಿಂಡೋಸ್ ಪ್ರೋಗ್ರಾಮುಗಳು. ಡಿಎಲ್‌ಎಲ್ಲೇ ಕೆಟ್ಟು ಕೂತಾಗ ಅದನ್ನು ಪರೀಕ್ಷಿಸುವವನು ಅದರ ಹೆಗಲ ಮೇಲೆ ನಿಂತಿರಬಾರದಷ್ಟೆ. ಕೈಪಿಡಿಗಳನ್ನು ಕಟ್ಟುವ ಗೋಜನ್ನು, ಕಟ್ಟುವ ಮುನ್ನ ಯಂತ್ರವನ್ನು ಪರಿಶೀಲಿಸಿ ಸಿದ್ಧತೆ ಮಾಡುವ ‘ಕಾನ್ಫಿಗರ್’ ಸ್ಕ್ರಿಪ್ಟಿಗೆ ಹೇಳಿ ಬಿಟ್ಟೆವು.

ಉಳಿದದ್ದು ಕಾಯುವ ಕೆಲಸ, ಆದರೆ ಪಾಠ ನಡೆದದ್ದು ಆ ಹೊತ್ತಿನಲ್ಲಿಯೇ. ಇದೇ ಸೋರ್ಸ್ ಲಿನಕ್ಸ್‌ನಲ್ಲಿ ಇದಕ್ಕಿಂತ ಬೇಗ ಕಂಪೈಲ್ ಆಗುತ್ತದಂತೆ, ಇಲ್ಲೇಕೆ ಇಷ್ಟು ನಿಧಾನ ಎಂದು ಒಬ್ಬ ಕೇಳಿದ. ಉತ್ತರ ನಾವು ಕಂಪೈಲ್ ಮಾಡುತ್ತಿದ್ದ ಫೈಲುಗಳಲ್ಲಿಯೇ ಇತ್ತು. ಕಾನ್ಫಿಗರ್ ಮತ್ತು ಮೇಕ್ ಸಣ್ಣಪುಟ್ಟ ಪ್ರತಿ ಕೆಲಸಕ್ಕೂ ಹೊಸ ಪ್ರೊಸೆಸ್ ಹುಟ್ಟಿಸುತ್ತವೆ, ಅದಕ್ಕೆ ಯುನಿಕ್ಸ್‌ನಲ್ಲಿ ಓಡುತ್ತಿರುವ ಪ್ರೊಸೆಸ್ಸಿನದೇ ಪ್ರತಿಯನ್ನು ಹುಟ್ಟಿಸುವ ‘ಫೋರ್ಕ್’ ಎಂಬ ಕರೆ ಇದೆ. ಅಲ್ಲಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಎಲ್ಲ ಮೆಮೊರಿಯನ್ನೂ ಒಡನೆ ನಕಲು ಮಾಡದೆ, ಯಾವ ಪುಟದಲ್ಲಿ ಬರೆಯುತ್ತಾರೋ ಅದನ್ನಷ್ಟೇ ಆಗ ನಕಲು ಮಾಡುತ್ತದೆ. ವಿಂಡೋಸ್‌ನ ಸಾಮಾನ್ಯ ಕರೆಗಳಲ್ಲಿ ಇಂಥದ್ದಿಲ್ಲ. ಹಾಗಾಗಿ ಸಿಗ್‌ವಿನ್ ಅದೇ ಪ್ರೋಗ್ರಾಮಿನ ಇನ್ನೊಂದು ಪ್ರತಿಯನ್ನು ಅಮಾನತು ಸ್ಥಿತಿಯಲ್ಲಿ ಹುಟ್ಟಿಸಿ, ತಾಯಿಯ ಡೇಟಾ ಭಾಗವನ್ನು ಅದರೊಳಗೆ ನಕಲು ಮಾಡಿ, ಎಬ್ಬಿಸುತ್ತದೆ. ಎದ್ದ ಮರಿ ತಾನು ಫೋರ್ಕ್‌ನಿಂದ ಹುಟ್ಟಿದ್ದೆಂದು ತಿಳಿದು, ತಾಯಿ ಗುರುತು ಹಾಕಿಟ್ಟ ಜಾಗಕ್ಕೆ ನೆಗೆದು, ಮತ್ತೆ ಕಾದು ನಿಲ್ಲುತ್ತದೆ. ಆಗ ತಾಯಿ ಸ್ಟ್ಯಾಕ್ ಮತ್ತು ಹೀಪ್ ಎಂಬ ತನ್ನ ಉಳಿದ ಮೆಮೊರಿ ಭಾಗಗಳನ್ನೂ ನಕಲು ಮಾಡಿಕೊಟ್ಟ ಮೇಲೆಯೇ ಎರಡೂ ಮುಂದೆ ಸಾಗುತ್ತವೆ. ‘ಫೋರ್ಕ್.ಸಿಸಿ’ ಎಂಬ ಫೈಲನ್ನು ತೆರೆದು ಇದನ್ನು ಬೆರಳಿಟ್ಟು ತೋರಿಸಿದಾಗ, ಅತ್ತ ಪರದೆಯ ಮೇಲೆ ಅಂಥ ಫೈಲುಗಳನ್ನು ಕಂಪೈಲ್ ಮಾಡಲು ಅದೇ ಫೋರ್ಕ್ ನೂರಾರು ಬಾರಿ ನಡೆಯುತ್ತಿತ್ತು. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಫೋರ್ಕನ್ನು ಮರದ ಚಿತ್ರ ಬರೆದು ವರ್ಷವೆಲ್ಲ ಹೇಳಿದ್ದೆ; ಅಷ್ಟು ಕಣ್ಣರಳಿಸಿ ಕೇಳಿದ್ದನ್ನು ಮಾತ್ರ ಎಂದೂ ಕಂಡಿರಲಿಲ್ಲ.

ಎರಡನೆಯ ದಿನ ಮರಿ ಪ್ರೊಸೆಸ್ಸುಗಳು ಕಾರಣವಿಲ್ಲದೆ ಸಾಯತೊಡಗಿದವು. ಮರಿಯಲ್ಲಿ ಪ್ರತಿ ಡಿಎಲ್‌ಎಲ್ ತಾಯಿಯಲ್ಲಿದ್ದ ವಿಳಾಸದಲ್ಲಿಯೇ ಕೂರಬೇಕು. ಲ್ಯಾಬಿನ ಆ್ಯಂಟಿವೈರಸ್ ಪ್ರತಿ ಪ್ರೊಸೆಸ್ಸಿನೊಳಗೂ ತನ್ನದೊಂದು ಡಿಎಲ್‌ಎಲ್ ತೂರಿಸಿ ಆ ಜಾಗವನ್ನು ಆಕ್ರಮಿಸುತ್ತಿತ್ತು. ನಮ್ಮ ಕೆಲಸದ ಫೋಲ್ಡರಿಗಷ್ಟೇ ವಿನಾಯಿತಿ ಕೊಡಿಸಲು ಎರಡು ಅರ್ಜಿ ಬರೆಯಬೇಕಾಯಿತು. ಅಂತೂ ‘ನ್ಯೂ-ಸಿಗ್‌ವಿನ್1.ಡಿಎಲ್‌ಎಲ್’ ಎಂಬ ಫೈಲು ಹುಟ್ಟಿತು. ಸಿಗ್‌ವಿನ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ, ವಿಂಡೋಸ್‌ನದೇ ಕಮಾಂಡ್ ಕಿಟಕಿಯಿಂದ ಹಳೆಯದನ್ನು ಸರಿಸಿ ಹೊಸದನ್ನು ಇಟ್ಟು, ‘ಯುನೇಮ್’ ಕಮಾಂಡ್ ಕೊಟ್ಟರೆ ಕಟ್ಟಿದ ದಿನಾಂಕವೂ ವೇಳೆಯೂ ಬಂತು. ಮಧ್ಯಾಹ್ನ ಕಟ್ಟಿದ್ದಕ್ಕೆ ಬೆಳಗಿನ ಹೊತ್ತು ತೋರಿಸುತ್ತಿದೆಯಲ್ಲ ಎಂದು ಒಬ್ಬಳು ಅನುಮಾನಪಟ್ಟಳು. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ವೇಳೆ.

ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಇರುವಾಗ ಇದೆಲ್ಲ ಹಳೆಯ ಕಾಲದ ಗೀಳು ಎಂದು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ದಿನಬಳಕೆಗೆ ಡಬ್ಲ್ಯೂಎಸ್ಎಲ್ ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೆ ಅದರ ಎರಡನೆಯ ಆವೃತ್ತಿ ಒಂದು ವರ್ಚುಯಲ್ ಯಂತ್ರದಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲನ್ನೇ ಓಡಿಸುವುದರಿಂದ, ಎರಡು ವ್ಯವಸ್ಥೆಗಳ ನಡುವಿನ ಅನುವಾದ ಹೇಗೆ ನಡೆಯುತ್ತದೆಂಬುದು ಅಲ್ಲಿ ಕಾಣಸಿಗುವುದಿಲ್ಲ. ಇದನ್ನು ಗೀಳೆನ್ನುವವರು ದಿನವೂ ಬಳಸುವ ‘ಗಿಟ್ ಫಾರ್ ವಿಂಡೋಸ್’ನೊಳಗೆ ಇರುವ ‘ಎಂಸಿಸ್-2.0.ಡಿಎಲ್‌ಎಲ್’ ಕೂಡ ಸಿಗ್‌ವಿನ್‌ನಿಂದಲೇ ಕವಲೊಡೆದದ್ದು. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: 2022ರ ಡಿಸೆಂಬರಿನಲ್ಲಿ ಬಂದ 3.4ನೇ ಆವೃತ್ತಿಯಿಂದ ಸಿಗ್‌ವಿನ್ 32 ಬಿಟ್ ವಿಂಡೋಸನ್ನು ಕೈಬಿಟ್ಟಿದೆ, ಆದ್ದರಿಂದ ಅಂಥ ಹಳೆಯ ಯಂತ್ರಗಳಿರುವ ಲ್ಯಾಬುಗಳಲ್ಲಿ ಇದು ನಡೆಯದು.

ಕಾಲೇಜುಗಳಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಸಿಸ್ಟಮ್ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಎರಡು ಅವಧಿಯನ್ನು ಈ ಕಟ್ಟುವ ಕೆಲಸಕ್ಕೆ ಮೀಸಲಿಡಲಿ, ಅಂಕ ಕೊಡದಿದ್ದರೂ ಚಿಂತೆಯಿಲ್ಲ. ಪ್ರಾಜೆಕ್ಟ್ ವೈವಾದಲ್ಲಿ ಕೂರುವ ಪರೀಕ್ಷಕರು ಔಟ್‌ಪುಟ್ ನೋಡಿ ಸಹಿ ಹಾಕುವ ಮುನ್ನ ಪ್ರೋಗ್ರಾಮಿನ ಫೋಲ್ಡರನ್ನು ಒಮ್ಮೆ ತೆರೆಸಿ, ‘ಈ ಡಿಎಲ್‌ಎಲ್ ಎಲ್ಲಿಂದ ತಂದೆಯಪ್ಪ?’ ಎಂದು ಕೇಳಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಬೋಧಕ, ಹಾಸನ