ಮಕ್ಕಳ ಕೈಗೊಂದು ಡೈನಮೊ: ವಿಜ್ಞಾನ ಪ್ರಯೋಗಶಾಲೆಗಾಗಿ ದೇಣಿಗೆ ಮನವಿ

ಮಾನ್ಯರೇ,

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು, ಅದು ಒಂದು ರೂಪದಿಂದ ಇನ್ನೊಂದಕ್ಕೆ ಮಾರ್ಪಡುತ್ತದೆ ಎಂಬ ವಾಕ್ಯವನ್ನು ನಮ್ಮ ಶಾಲೆಯ ಮಕ್ಕಳು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಅದರ ಅರ್ಥ ಅವರಿಗೆ ಹೊಳೆಯುವುದು ಕೈಯಿಂದ ತಿರುಗಿಸಿ ವಿದ್ಯುತ್ ಉತ್ಪಾದಿಸುವ ಡೈನಮೊದ ಹಿಡಿಕೆಯನ್ನು ಹಿಡಿದಾಗ. ಅಲ್ಲಿಯವರೆಗೆ ಹಗುರವಾಗಿ ತಿರುಗುತ್ತಿದ್ದ ಹಿಡಿಕೆ, ಬಲ್ಬನ್ನು ಜೋಡಿಸಿದ ಕೂಡಲೇ ಭಾರವಾಗುತ್ತದೆ. ಎರಡನೆಯ ಬಲ್ಬನ್ನು ಸಮಾನಾಂತರವಾಗಿ ಸೇರಿಸಿದರೆ ಇನ್ನಷ್ಟು ಭಾರವಾಗುತ್ತದೆ. ಆ ಬೆಳಕು ತನ್ನ ತೋಳಿನ ದುಡಿಮೆಯಿಂದಲೇ ಬರುತ್ತಿದೆ ಎಂಬುದನ್ನು ಮಗುವಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ವಿಜ್ಞಾನಿ ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯನ್ನು, ಅಂದರೆ ಆಯಸ್ಕಾಂತದ ಚಲನೆಯಿಂದ ತಂತಿಯಲ್ಲಿ ವಿದ್ಯುತ್ ಹುಟ್ಟುವುದನ್ನು, ತೋರಿಸಲು ಬೇಕಾಗುವುದು ತಾಮ್ರದ ತಂತಿಯ ಸುರುಳಿ, ಆಯಸ್ಕಾಂತ ಮತ್ತು ವಿದ್ಯುತ್ ಹರಿವನ್ನು ಮುಳ್ಳಿನಿಂದ ತೋರಿಸುವ ಗ್ಯಾಲ್ವನೋಮೀಟರ್ ಅಷ್ಟೇ. ಆಯಸ್ಕಾಂತವನ್ನು ಸುರುಳಿಯೊಳಗೆ ತೂರಿಸಿದಾಗ ಮುಳ್ಳು ಒಂದು ಕಡೆಗೂ, ಹೊರತೆಗೆದಾಗ ಇನ್ನೊಂದು ಕಡೆಗೂ ವಾಲುತ್ತದೆ. ಆಯಸ್ಕಾಂತ ನಿಶ್ಚಲವಾದರೆ ಮುಳ್ಳೂ ಸೊನ್ನೆಗೆ ಮರಳುತ್ತದೆ. ಏಕೆ ಹೀಗೆ ಎಂದು ಮಕ್ಕಳು ತಾವಾಗಿಯೇ ಕೇಳತೊಡಗುತ್ತಾರೆ, ಮತ್ತು ಆ ಪ್ರಶ್ನೆಯಿಂದ ಆರಂಭವಾದ ಪಾಠ ಅವರ ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದು ನಮ್ಮ ಶಿಕ್ಷಕರ ಅನುಭವ.

ಲೆಕ್ಕವೂ ಹೀಗೆಯೇ ಜೀವ ತಳೆಯುತ್ತದೆ. ಒಂದು ಯೂನಿಟ್ ವಿದ್ಯುತ್ ಎಂದರೆ 1000 ವ್ಯಾಟ್‌ನಂತೆ ಒಂದು ಗಂಟೆ ಬಳಸುವ ಶಕ್ತಿ; ಶಕ್ತಿಯ ಮಾನವಾದ ಜೂಲ್‌ನಲ್ಲಿ ಹೇಳುವುದಾದರೆ 36 ಲಕ್ಷ ಜೂಲ್. ಡೈನಮೊ ಜೋಡಿಸಿದ ಸೈಕಲ್ಲನ್ನು ತುಳಿದು 100 ವ್ಯಾಟ್ ವಿದ್ಯುತ್ ಉತ್ಪಾದಿಸಬಲ್ಲ ವ್ಯಕ್ತಿ ಅಷ್ಟನ್ನು ಪಡೆಯಲು ಬಿಡುವಿಲ್ಲದೆ 10 ಗಂಟೆ ತುಳಿಯಬೇಕು. ಐದು ನಿಮಿಷ ತುಳಿದು ಬೆವರಿದ ಮಗು ವಿದ್ಯುತ್ ಮೀಟರನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಸದ್ಯ ನಮ್ಮಲ್ಲಿರುವುದು ಒಂದೇ ಡೈನಮೊ. ತರಗತಿಯ ಅವಧಿ ಮುಗಿಯುವಷ್ಟರಲ್ಲಿ ಅದು ಹಿಂದಿನ ಸಾಲಿನವರೆಗೆ ತಲುಪುವುದೇ ಇಲ್ಲ, ಹಾಗಾಗಿ ಹಲವು ಮಕ್ಕಳು ಕೇವಲ ನೋಡಿ ತೃಪ್ತಿಪಡಬೇಕಾಗಿದೆ. ನಾಲ್ಕು ಮಕ್ಕಳಿಗೆ ಒಂದರಂತೆ ಡೈನಮೊ, ಆಯಸ್ಕಾಂತ, ತಂತಿ, ವಿದ್ಯುತ್ತನ್ನು ಅಳೆಯುವ ಮಲ್ಟಿಮೀಟರ್ ಹಾಗೂ ಚಿಕ್ಕ ಸೌರಫಲಕಗಳನ್ನು ಒದಗಿಸಲು, ಜೊತೆಗೆ ಶಿಕ್ಷಕರಿಗೆ ಇವುಗಳ ಬಳಕೆಯಲ್ಲಿ ತರಬೇತಿ ಕೊಡಿಸಲು, ತಮ್ಮ ನೆರವನ್ನು ಕೋರುತ್ತೇವೆ. ತರಬೇತಿಯ ವೆಚ್ಚವನ್ನು ದಯವಿಟ್ಟು ಗೌಣವೆಂದು ಭಾವಿಸಬಾರದು; ಬಳಸುವವರಿಲ್ಲದ ಉಪಕರಣ ಬೀರುವಿನಲ್ಲೇ ಉಳಿಯುತ್ತದೆ.

ಹಣ ನೀಡಲಾಗದವರು ಹಳೆಯ ಸೈಕಲ್ಲನ್ನಾಗಲಿ, ಕೆಟ್ಟ ಪ್ರಿಂಟರನ್ನಾಗಲಿ ನೀಡಬಹುದು. ಪ್ರಿಂಟರಿನೊಳಗಿನ ಮೋಟಾರು ಸುಸ್ಥಿತಿಯಲ್ಲಿದ್ದರೆ, ಅದನ್ನು ತಿರುಗಿಸಿ ವಿದ್ಯುತ್ತನ್ನು ಪಡೆಯಬಹುದು. ಪ್ರತಿ ದೇಣಿಗೆಗೂ ರಸೀದಿ ನೀಡಲಾಗುವುದು ಮತ್ತು ಖರ್ಚಿನ ವಿವರವನ್ನು ಎಲ್ಲ ದಾನಿಗಳಿಗೂ ಕಳುಹಿಸಲಾಗುವುದು. ಉಪಕರಣಗಳು ಬಂದ ಬಳಿಕ ನಡೆಯುವ ಮೊದಲ ಪ್ರಯೋಗದ ದಿನ ತಾವೂ ಬಂದು ಮಕ್ಕಳೊಡನೆ ಹಿಡಿಕೆ ತಿರುಗಿಸಬೇಕೆಂದು ಕೋರುತ್ತೇವೆ.

ಇಂತಿ,
ಶಾಲಾ ಆಡಳಿತ ಮಂಡಳಿ