ಕಾಸ್ಪರನ ಕೈ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ಡಬ್ಬದಲ್ಲಿ ಹಲಸಿನ ಹಪ್ಪಳ ಇದೆ. ಅದರ ಕೆಳಗೆ ಉಪ್ಪಿನಕಾಯಿ ಬಾಟಲಿ. ಸುತ್ತಿದ ಪ್ಲಾಸ್ಟಿಕ್ ಬಿಚ್ಚುವಾಗ ಜೋಪಾನ, ಎಣ್ಣೆ ಸ್ವಲ್ಪ ಹೊರಗೆ ಬಂದಿರಬಹುದು. ಈ ಕಾಗದಕ್ಕೆ ಎಣ್ಣೆ ತಾಗದಿರಲಿ ಅಂತ ಎಲ್ಲದರ ಮೇಲೆ ಇಟ್ಟಿದ್ದೇನೆ.

ಹಬ್ಬಕ್ಕೆ ಬಂದಾಗ ನೀನು ಊಟಕ್ಕೆ ಕೂತು ಹೇಳಿದ್ದು ನನ್ನ ತಲೆಯಲ್ಲೇ ತಿರುಗುತ್ತಿದೆ. ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪಿನಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಸೇರಿ ಕಥೆ ಬರೆಯುವ ನಿಮ್ಮ ಆಟದಲ್ಲಿ, ಬೇರೆಯವರ ಪಾತ್ರಕ್ಕೆ ಏನಾಯಿತು ಅಂತ ನೀನೇ ಬರೆದುಬಿಟ್ಟೆ ಅಂತ ಮಾಡರೇಟರ್, ಅಂದರೆ ಆಟದ ನಿಯಮ ನೋಡಿಕೊಳ್ಳುವವರು, ನಿನಗೆ ವಾರ್ನಿಂಗ್ ಕೊಟ್ಟ ಕಥೆ. "ಬರೀ ಕಥೆ ಅಲ್ವಾ ಅಮ್ಮಾ, ಇಷ್ಟಕ್ಕೆಲ್ಲಾ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ?" ಅಂದೆ. ನಿನ್ನ ಅಪ್ಪ, ಆಟ ಬಿಟ್ಟು ಓದು ಅಂದರು. ಅಜ್ಜನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ನಾನು ಸುಮ್ನೆ ಸಾರು ಬಡಿಸಿದೆ. ಆವತ್ತೇ ಹೇಳಬೇಕಿತ್ತು. ಎಲ್ಲರ ಎದುರು ಹೇಳಲು ನಾಚಿಕೆ ಆಯಿತು. ನಾನೂ ಇಂಥ ಆಟ ಆಡಿದವಳೇ, ಮತ್ತು ನಿನಗಿಂತ ದೊಡ್ಡ ತಪ್ಪನ್ನೇ ಮಾಡಿದವಳು.

1998. ಇಂಜಿನಿಯರಿಂಗ್ ಎರಡನೇ ವರ್ಷ. ವಿಎಸ್‌ಎನ್‌ಎಲ್ ಅನ್ನುವ ಸರ್ಕಾರಿ ಕಂಪನಿ ನಮ್ಮ ದೇಶದಲ್ಲಿ ಜನರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದ್ದು 1995ರ ಆಗಸ್ಟ್ 15ಕ್ಕೆ, ಅಂದರೆ ಆಗ ಬರೀ ಮೂರು ವರ್ಷ. ಚಿತ್ರ ಇರುವ ಪುಟ ತೆರೆಯಲು ಹೇಳಿ ಚಹಾ ಕುಡಿದು ಬರಬಹುದಿತ್ತು. ಅಕ್ಷರ ಮಾತ್ರ ಬೇಗ ಬರುತ್ತಿತ್ತು. ಕಾಲೇಜಿನ ಲ್ಯಾಬಿನಲ್ಲಿ ಸಂಜೆ ಜನ ಕಡಿಮೆಯಾದ ಮೇಲೆ ನಾನು ಮತ್ತು ನನ್ನ ರೂಮ್‌ಮೇಟ್ ಅಕ್ಕಪಕ್ಕ ಕೂರುತ್ತಿದ್ದೆವು. ದೂರದ ಕಂಪ್ಯೂಟರಿಗೆ ಸೇರಿಸುವ ಟೆಲ್ನೆಟ್ ಅಂತ ಟೈಪ್ ಮಾಡಿ, ಒಂದು ವಿಳಾಸ, ಒಂದು ಸ್ಪೇಸ್, ಆಮೇಲೆ 4000. ಎಂಟರ್ ಒತ್ತಿದರೆ ಕಪ್ಪು ಪರದೆಯಲ್ಲಿ ಸಾಲುಗಳು ಉರುಳಿ ಬರುತ್ತಿದ್ದವು. ನೀನು ಒಂದು ದೇವಾಲಯದಲ್ಲಿ ನಿಂತಿದ್ದೀಯ, ದಕ್ಷಿಣಕ್ಕೆ ಮೆಟ್ಟಿಲಿದೆ, ಹೀಗೆ. ಚಿತ್ರ ಇಲ್ಲ, ಸದ್ದಿಲ್ಲ. ಉತ್ತರ ಅಂತ ಬರೆದರೆ ಉತ್ತರಕ್ಕೆ ಹೋಗುತ್ತೀಯ.

ಹಲವರು ಒಟ್ಟಿಗೆ ಆಡುವ ಇಂಥ ಅಕ್ಷರದ ಆಟಗಳಿಗೆ ಮಡ್ ಅಂತ ಹೆಸರು. ಮೊದಲನೆಯದು ಹುಟ್ಟಿದ್ದು ನಾನು ಹುಟ್ಟಿದ ವರ್ಷವೇ, 1978ರಲ್ಲಿ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಶುರುಮಾಡಿದ, ಅವನ ಜೊತೆಯ ರಿಚರ್ಡ್ ಬಾರ್ಟಲ್ ಮುಂದುವರಿಸಿದ. ನಾವು ಆಡುತ್ತಿದ್ದದ್ದು ಡಿಕುಮಡ್ ಜಾತಿಯದ್ದು, ಕೋಪನ್‌ಹೇಗನ್‌ನ ಹುಡುಗರು 1991ರಲ್ಲಿ ಬರೆದು ಹಂಚಿದ್ದು.

ನನ್ನ ರೂಮ್‌ಮೇಟ್‌ಳ ಪಾತ್ರ ಒಬ್ಬಳು ಕಳ್ಳಿ. ಮೂರು ತಿಂಗಳು ಕೂತು ಕತ್ತಿ, ಕವಚ, ಉಂಗುರ ಎಲ್ಲಾ ಒಟ್ಟುಮಾಡಿದ್ದಳು. ಒಂದು ಸಂಜೆ ಅವಳ ಪಾತ್ರ ಕಾಡಿನೊಳಗೆ ಅಡಗಿ ಕೂತಿತ್ತು. ನಾನು ಎಲ್ಲೆಲ್ಲೋ ಹುಡುಕಿದೆ, ಸಿಗಲಿಲ್ಲ. ಆಮೇಲೆ ಏನು ಮಾಡಿದೆ ಗೊತ್ತಾ? ಕುತ್ತಿಗೆ ಒಂದು ಇಂಚು ಎಡಕ್ಕೆ ತಿರುಗಿಸಿ ಅವಳ ಮಾನಿಟರ್ ನೋಡಿದೆ. ಜಾಗದ ಹೆಸರು ಮೇಲಿನ ಸಾಲಿನಲ್ಲೇ ಇತ್ತು. ಎರಡು ಸಲ ಉತ್ತರ, ಒಂದು ಸಲ ಪೂರ್ವ. ಹೋಗಿ ಹೊಡೆದು ಹಾಕಿದೆ. ಅವಳ ಸಾಮಾನೆಲ್ಲ ಬಾಚಿಕೊಂಡೆ.

"ಹೇಗೆ ಗೊತ್ತಾಯಿತು?" ಅಂದಳು. "ಹುಡುಕಿದೆ" ಅಂದೆ. ಅವಳು ಜಗಳ ಆಡಲಿಲ್ಲ. ಮಾನಿಟರ್ ಆಫ್ ಮಾಡಿ ಎದ್ದು ಹೋದಳು. ಒಂಬತ್ತು ದಿನ ಮೆಸ್‌ನಲ್ಲಿ ಬೇರೆ ಟೇಬಲ್ಲಿಗೆ ಕೂತಳು. ಒಂದೇ ರೂಮಿನಲ್ಲಿ ಇದ್ದು ಒಂಬತ್ತು ದಿನ ಮಾತಿಲ್ಲ ಅಂದರೆ ಹೇಗಿರುತ್ತದೆ, ಹಾಸ್ಟೆಲ್‌ನಲ್ಲಿರುವ ನಿನಗೆ ನಾನೇನೂ ಹೇಳಬೇಕಿಲ್ಲ. ನೀವು ಈಗ ಅದಕ್ಕೆ ಮೆಟಾಗೇಮಿಂಗ್ ಅಂತೀರಿ. ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಆಡುವವಳು ತಿಳಿದುಕೊಂಡು ಪಾತ್ರದ ಕೈಗೆ ಕೊಡುವುದು. ನಮಗೆ ಆ ಪದ ಗೊತ್ತಿರಲಿಲ್ಲ, ಕಳ್ಳಾಟ ಅನ್ನುತ್ತಿದ್ದೆವು. ಆ ಸಂಜೆ ಪರದೆಯ ಒಳಗಿದ್ದ ಕಳ್ಳಿ ಅವಳು, ಹೊರಗಿದ್ದ ಕಳ್ಳಿ ನಾನು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನೀನು ಫೋನ್ ತೋರಿಸಿದಾಗ ಓದಿದ್ದು ನೆನಪಿದೆ. ನೀವು ಬರೆಯುವುದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲೇ ಹೇಳುತ್ತೇನೆ:

"ಇರಾ ಕತ್ತಿ ಬೀಸಿದಳು. ಕಾಸ್ಪರನ ಬಲಗೈ ಮಣಿಕಟ್ಟಿನಿಂದ ತುಂಡಾಗಿ ಕೆಳಗೆ ಬಿತ್ತು. ಅವನು ಕಿರುಚುತ್ತಾ ಮಂಡಿಯೂರಿದ."

ಒಳ್ಳೆಯ ಸಾಲುಗಳೇ. ಆದರೆ ಮೂರರಲ್ಲಿ ಒಂದು ಮಾತ್ರ ನಿನ್ನದು. ಕತ್ತಿ ಬೀಸಿದ್ದು ಇರಾ, ಅದು ನಿನ್ನ ಪಾತ್ರ. ಕೈ ತುಂಡಾದದ್ದು, ಕಿರುಚಿದ್ದು, ಮಂಡಿಯೂರಿದ್ದು ಎಲ್ಲಾ ಕಾಸ್ಪರ್. ಅವನನ್ನು ಬರೆಯುವವರು ಬೇರೆ ಯಾರೋ. ಕಾಸ್ಪರ್ ಪಿಟೀಲು ನುಡಿಸುವವನು, ಒಂದು ವರ್ಷದಿಂದ ಬರೆಯುತ್ತಿದ್ದಾರೆ ಅಂತ ನೀನೇ ಹೇಳಿದೆ. ಪಿಟೀಲಿನವನ ಕೈ ಕಡಿದರೆ ಉಳಿಯುವುದೇನು? ಅವರು ಎರಡು ಬ್ರಾಕೆಟ್ ಹಾಕಿ, ಅಂದರೆ ಪಾತ್ರದಿಂದ ಹೊರಗೆ ಬಂದು, "ಇವತ್ತಿಗೆ ನಿಲ್ಲಿಸುತ್ತೇನೆ" ಅಂತ ಬರೆದು ಹೋದರಲ್ಲ, ಅದು ಸಿಟ್ಟಲ್ಲ ಅಂತ ನನ್ನ ಅಂದಾಜು. ಮಾನಿಟರ್ ಆಫ್ ಮಾಡಿ ಎದ್ದುಹೋದದ್ದು.

ಅದೇ ಸಾಲನ್ನು ಹೀಗೆ ಬರೆದು ನೋಡು:

"ಇರಾ ಅವನ ಬಲಗೈಗೆ ಗುರಿಯಿಟ್ಟು ಕತ್ತಿ ಬೀಸಿದಳು. ಒದ್ದೆ ಕಲ್ಲಿನ ಮೇಲೆ ಅವಳ ಎಡಗಾಲು ಸ್ವಲ್ಪ ಜಾರಿತು."

ಅಷ್ಟೇ. ಪೆಟ್ಟು ಬಿತ್ತೋ ಇಲ್ಲವೋ ಅನ್ನುವುದು ಆ ಕಡೆಯವರಿಗೆ ಬಿಟ್ಟದ್ದು. ಕಾಲು ಜಾರಿದ್ದು ಅವರಿಗೆ ನೀನು ಕೊಟ್ಟ ಹಿಡಿ. ಬೇಕಿದ್ದರೆ ತಪ್ಪಿಸಿಕೊಳ್ಳಬಹುದು, ಬೇಕಿದ್ದರೆ ಗಾಯ ಮಾಡಿಕೊಳ್ಳಬಹುದು, ಅಥವಾ ನಿನ್ನನ್ನೇ ಬೀಳಿಸಬಹುದು. ಗಾಯ ಬೇಕೇ ಬೇಕು ಅನ್ನಿಸಿದರೆ ಮೊದಲೇ ಪಾತ್ರದಿಂದ ಹೊರಗೆ ಬಂದು ಕೇಳು: ಇರಾ ಇಲ್ಲಿ ಗೆದ್ದರೆ ನಿಮಗೆ ಅಡ್ಡಿ ಇಲ್ವಾ, ಎಷ್ಟು ಪೆಟ್ಟಾದರೆ ಪರವಾಗಿಲ್ಲ? ಕೇಳಿದರೆ ಮಜಾ ಹೋಗುತ್ತದೆ ಅಂತ ನೀನು ಮೂಗು ಮುರಿಯುತ್ತೀಯ, ಗೊತ್ತು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಆದರೆ ಇದು ಬರೀ ನಯವಿನಯದ ಮಾತಲ್ಲ ಪುಟ್ಟೀ. ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ಅನ್ನುವವನು 1990ರಲ್ಲಿ ಲ್ಯಾಂಬ್ಡಾಮೂ ಎಂಬ ಅಕ್ಷರಲೋಕ ಶುರುಮಾಡಿದ. ಸಾವಿರಾರು ಜನ ಬರುತ್ತಿದ್ದರು. 1993ರ ಮಾರ್ಚ್‌ನಲ್ಲಿ ಅಲ್ಲಿ ಒಬ್ಬ ಬಂದ, ಪಾತ್ರದ ಹೆಸರು ಮಿಸ್ಟರ್ ಬಂಗಲ್. ಅವನ ಹತ್ತಿರ ಮಾಟದ ಗೊಂಬೆಯಂಥ ಒಂದು ಪ್ರೋಗ್ರಾಮ್ ಇತ್ತು. ಅದರಿಂದ ಬೇರೆಯವರ ಪಾತ್ರಗಳು ತಾವೇ ಮಾಡುತ್ತಿವೆ ಅನ್ನುವ ಹಾಗೆ ಸಾಲುಗಳನ್ನು ಪರದೆಗೆ ಬಿಡಬಹುದಿತ್ತು. ತುಂಬಿದ ಕೋಣೆಯಲ್ಲಿ ಕೂತು ಅವನು ಬಿಟ್ಟ ಸಾಲುಗಳು ಎಷ್ಟು ಅಸಹ್ಯ ಅಂದರೆ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಗುರಿಯಾದ ಪಾತ್ರಗಳಲ್ಲಿ ಒಂದನ್ನು ಬರೆಯುತ್ತಿದ್ದ ಹೆಂಗಸು ಸಿಯಾಟಲ್‌ನಲ್ಲಿದ್ದರು. ಆಮೇಲೆ ಅದರ ಬಗ್ಗೆ ಎಲ್ಲರಿಗೂ ಬರೆದು ತಿಳಿಸುವಾಗ ಅವರ ಕಣ್ಣಿಂದ ನೀರು ಸುರಿಯುತ್ತಿತ್ತಂತೆ. ಪಾತ್ರ ಸುಳ್ಳು, ಕೋಣೆ ಸುಳ್ಳು. ನೀರು ನಿಜ. ಜನ ಸೇರಿ ಗಂಟೆಗಟ್ಟಲೆ ವಾದ ಮಾಡಿದರು, ಕೊನೆಗೆ ಆಡಳಿತದ ಒಬ್ಬ ಆ ಪಾತ್ರವನ್ನೇ ಅಳಿಸಿಹಾಕಿದ. ಆಮೇಲೆ ಕರ್ಟಿಸ್ ಅಲ್ಲಿಯವರೇ ಅರ್ಜಿ ಹಾಕಿ ಮತ ಹಾಕುವ ಏರ್ಪಾಡು ಮಾಡಿದ. ನಿಮ್ಮ ಚಾನೆಲ್‌ನಲ್ಲಿ ಪಿನ್ ಮಾಡಿಟ್ಟಿರುವ ಉದ್ದದ ನಿಯಮಗಳನ್ನು ನೀನು ಓದದೇ 'ಒಪ್ಪಿದೆ' ಒತ್ತಿದೆಯಲ್ಲ, ಅಂಥ ನಿಯಮಗಳ ಹಿಂದೆ ಇಂಥ ರಾತ್ರಿಗಳಿವೆ.

ನೀನು ಮಿಸ್ಟರ್ ಬಂಗಲ್ ಅಲ್ಲ. ಅವನ ಗೊಂಬೆಗೂ ನಿನ್ನ ಎರಡು ಸಾಲಿಗೂ ತುಂಬಾ ದೂರ ಇದೆ. ಆದರೆ ದಾರಿ ಒಂದೇ, ಅದಕ್ಕೆ ಹೇಳಿದೆ.

ಇದನ್ನೆಲ್ಲ ನಮ್ಮ ಜಗಲಿಯಲ್ಲೇ ಕಲಿಯಬಹುದಿತ್ತು. ಕಣ್ಣೆದುರೇ ಇದ್ದರೂ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ನಿನ್ನ ಅಜ್ಜ ತಾಳಮದ್ದಳೆಯ ಅರ್ಥಧಾರಿ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಅವರ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಶಾಲು ಹೊದ್ದು ಕೂತು ಬರೀ ಮಾತಿನಲ್ಲೇ ರಾಮ, ವಾಲಿ, ಕರ್ಣ. ಬಾಯಿಪಾಠ ಮಾಡಿದ ಸಂಭಾಷಣೆ ಇಲ್ಲ, ಹಾಡುವ ಭಾಗವತರು ಪದ ಹೇಳಿದ ಮೇಲೆ ಅರ್ಥ, ಅಂದರೆ ಪಾತ್ರದ ಮಾತು, ಅಲ್ಲಲ್ಲೇ ಹುಟ್ಟಬೇಕು. ನಿಮ್ಮ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳು? ನೀವು ಟೈಪ್ ಮಾಡುತ್ತೀರಿ, ಅಷ್ಟೇ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ವಾಲಿವಧೆ. ಅಜ್ಜ ವಾಲಿ. ರಾಮನಾಗಿ ಹೊಸ ಹುಡುಗ, ಅದೇ ಮೊದಲ ದೊಡ್ಡ ಅರ್ಥ. ಬಾಣ ತಾಗಿ ಬಿದ್ದ ವಾಲಿ ಕೇಳಿದ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಹುಡುಗನಿಗೆ ಮಾತೇ ಹೊರಡಲಿಲ್ಲ. ಜಗಲಿ ತುಂಬಾ ಜನ. ಹೊರಗೆ ಮಳೆಯ ಸದ್ದು ಮಾತ್ರ. ಅಜ್ಜ ಆಗ ಇನ್ನೆರಡು ಪ್ರಶ್ನೆ ಹಾಕಿ ಅವನಿಗೆ ಮಣ್ಣು ಮುಕ್ಕಿಸಬಹುದಿತ್ತು, ಜನ ಚಪ್ಪಾಳೆ ಹೊಡೆಯುತ್ತಿದ್ದರು. ಅವರು ಕೆಮ್ಮಿ, ದನಿ ತಗ್ಗಿಸಿ, "ಹೋಗಲಿ ರಾಘವಾ, ನನ್ನ ತಮ್ಮ ನಿನ್ನ ಬಳಿ ಬಂದು ಅತ್ತನಲ್ಲ, ಏನೆಂದು ಅತ್ತ?" ಅಂದರು. ಹುಡುಗನ ಮುಖ ಅರಳಿತು. ಸುಗ್ರೀವ ಏನೆಂದು ಅತ್ತ? ನನ್ನ ಹೆಂಡತಿ ರುಮೆಯನ್ನು ಅಣ್ಣ ಇಟ್ಟುಕೊಂಡ ಎಂದು. ಅಲ್ಲಿಂದ ಹಿಡಿದ ನೋಡು ಅವನು, ಇಪ್ಪತ್ತು ನಿಮಿಷ ಬಿಡಲಿಲ್ಲ.

ಒದ್ದೆ ಕಲ್ಲಿನ ಮೇಲೆ ಕಾಲು ಜಾರಿಸು ಅಂದೆನಲ್ಲ, ಅದು ಇದೇ.

ವಾಲಿ ಎಷ್ಟು ಚೆನ್ನಾಗಿ ವಾದ ಮಾಡಿದರೂ ಸಾಯಲೇಬೇಕು, ಅದೂ ನೆನಪಿಡು. ನಿನ್ನ ಇರಾ ಇದುವರೆಗೆ ಒಂದು ಸಲವೂ ಸೋತಿಲ್ಲ. ಒಂದು ಸಲ ಸೋಲಿಸಿ ನೋಡು, ಬರೆಯಲು ಎಷ್ಟು ಸಿಗುತ್ತದೆ ಅಂತ. ಇನ್ನು ಮಾಡರೇಟರ್ ಮೇಲೆ ನಿನಗಿರುವ ಸಿಟ್ಟು. ಅರ್ಥ ದಾರಿ ತಪ್ಪಿದರೆ ಭಾಗವತರು ಜಾಗಟೆಗೆ ಒಂದು ಪೆಟ್ಟು ಕೊಟ್ಟು ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಎಂಥಾ ದೊಡ್ಡ ಅರ್ಥಧಾರಿಯೂ ಆಗ ಬಾಯಿ ಮುಚ್ಚಬೇಕು. ಜಗಳ ಇದ್ದರೆ ಬೆಳಿಗ್ಗೆ ಕಾಫಿಗೆ ಕೂತಾಗ. ನೀನು ಎಲ್ಲರೂ ಓದುವ ಜಾಗದಲ್ಲೇ ವಾದಕ್ಕೆ ಇಳಿದೆಯಂತೆ. ಖಾಸಗಿಯಾಗಿ ಕೇಳಬಹುದಿತ್ತು.

ಸಣ್ಣಪುಟ್ಟವು ಇನ್ನೂ ಇವೆ, ಹೆಚ್ಚಿನವು ನಿನಗೆ ಗೊತ್ತೇ ಇವೆ. ಅವರು ನಾಲ್ಕು ಸಾಲು ಬರೆದರೆ ನೀನು ಒಂದು ಪದ ಬರೆಯಬೇಡ, ನಲವತ್ತು ಸಾಲೂ ಬೇಡ. ಮೂವರು ಇರುವ ದೃಶ್ಯದಲ್ಲಿ ಸರದಿ ಕಾಯಿ. ಪರೀಕ್ಷೆ ಬಂದರೆ ಹೇಳಿ ಹೋಗು, ದೃಶ್ಯದ ಮಧ್ಯೆ ಮಾಯವಾಗಬೇಡ. ಆ ಕಡೆ ಬ್ರೆಜಿಲ್‌ನಲ್ಲಿರುವವರಿಗೆ ನಮ್ಮ ಬೆಳಿಗ್ಗೆ ನಡುರಾತ್ರಿ, ಉತ್ತರ ಬರಲಿಲ್ಲ ಅಂತ ಐದು ಸಲ ಕರೆಯಬೇಡ. ಇರಾಳ ಸಿಟ್ಟು ನಿನ್ನ ಸಿಟ್ಟಾಗಬಾರದು, ನಿನ್ನ ಸಿಟ್ಟನ್ನು ಇರಾಳ ಕೈಗೆ ಕೊಡಲೂಬಾರದು. ಎರಡನೆಯದೇ ಜಾಸ್ತಿ ಆಗುವುದು.

ಬಾರ್ಟಲ್ 1996ರಲ್ಲಿ ಆಡುವವರನ್ನು ಇಸ್ಪೀಟ್ ಎಲೆಯ ಹಾಗೆ ನಾಲ್ಕು ಜಾತಿ ಮಾಡಿದ. ಗಳಿಸುವವರು ಡೈಮಂಡ್, ಅಗೆದು ಹುಡುಕುವವರು ಸ್ಪೇಡ್, ಹರಟೆಗೆ ಬರುವವರು ಹಾರ್ಟ್, ಹೊಡೆಯಲೆಂದೇ ಬರುವವರು ಕ್ಲಬ್. ನಾನು ಕ್ಲಬ್ ಆಗಿದ್ದೆ. ನೀನೂ ನನ್ನ ಮಗಳೇ. ಆದರೆ ಪಿಟೀಲಿನವನ ಹಿಂದಿರುವವರು ಹಾರ್ಟ್ ಅಂತ ಕಾಣುತ್ತದೆ. ಒಂದೇ ಕೋಣೆಯಲ್ಲಿ ಇಬ್ಬರಿಗೂ ಜಾಗ ಬೇಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಿನಗೀಗ ಹದಿನೆಂಟು. ಡಿಸ್ಕಾರ್ಡ್‌ಗೆ ಹದಿಮೂರಕ್ಕೇ ಬರಬಹುದು. ಇಷ್ಟು ವರ್ಷ ಆ ಕಡೆ ಇರುವವರು ಯಾರೋ ಏನೋ ಅಂತ ನಾನು ನಿನಗಾಗಿ ಹೆದರುತ್ತಿದ್ದೆ. ಈಗ ಬೇರೆ ತಾಯಂದಿರ ಲೆಕ್ಕದಲ್ಲಿ ಆ 'ಯಾರೋ' ನೀನು. ಪ್ರೀತಿಯ ದೃಶ್ಯ ಮುಂದೆ ಹೋಗುತ್ತಿದೆ ಅನ್ನಿಸಿದರೆ ವಯಸ್ಸು ಕೇಳು. ಆ ಕಡೆ ಚಿಕ್ಕವರಿದ್ದರೆ, ಅಥವಾ ಇದ್ದಾರು ಅಂತ ಅನುಮಾನ ಬಂದರೂ, ಅಂಥ ದೃಶ್ಯವೇ ಬೇಡ, ಅಲ್ಲಿಗೇ ನಿಲ್ಲಿಸು. ದೊಡ್ಡವರ ನಡುವೆಯೂ ಒಬ್ಬರಿಗೆ ಇರುಸುಮುರುಸಾದರೆ ಪರದೆ ಎಳೆದು ಮಾರನೇ ಬೆಳಿಗ್ಗೆಯಿಂದ ಬರೆಯಿರಿ. ಸಾಕು ಅಂದರೆ ಸಾಕು, ಕಾರಣ ಕೇಳಬೇಡ. ನಿನಗೆ ಯಾರಾದರೂ ಹಾಸ್ಟೆಲ್ ಎಲ್ಲಿ, ಫೋಟೋ ಕಳಿಸು ಅಂದರೆ ಸ್ಕ್ರೀನ್‌ಶಾಟ್ ತೆಗೆದು ಮಾಡರೇಟರಿಗೂ ನನಗೂ ಕಳಿಸು. ಬೈಯುವುದಿಲ್ಲ.

ಹತ್ತನೇ ದಿನ ನಾನು ರೂಮ್‌ಮೇಟ್‌ಳ ಎದುರು ತಟ್ಟೆ ಇಟ್ಟು ಕೂತು, "ನಿನ್ನ ಮಾನಿಟರ್ ನೋಡಿದೆ" ಅಂದೆ. "ಗೊತ್ತು" ಅಂದಳು. ಗಾಜಿನಲ್ಲಿ ನನ್ನ ಮುಖ ಕಂಡಿತ್ತಂತೆ. ಸಾಮಾನು ವಾಪಸ್ ಕೊಟ್ಟೆ. ಅವಳು ಅದರಲ್ಲಿ ಅರ್ಧ ಮಾತ್ರ ತೆಗೆದುಕೊಂಡಳು, ಮತ್ತೆ ಎಂದೂ ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಕೂರಲಿಲ್ಲ. ಈಗಲೂ ಯುಗಾದಿಗೆ ಫೋನ್ ಮಾಡುತ್ತಾಳೆ.

ನೀನು ಆ ಕಾಸ್ಪರ್‌ನವರಿಗೆ ಉದ್ದದ ಸಮಜಾಯಿಷಿ ಬರೆಯಬೇಡ. ಪಾತ್ರದ ಹೊರಗೆ ನಿಂತು, ಆ ಎರಡು ಸಾಲು ನಾನು ಬರೆಯಬಾರದಿತ್ತು, ತೆಗೆದುಹಾಕುತ್ತೇನೆ, ಕತ್ತಿ ಬೀಸಿದಲ್ಲಿಂದ ನೀವು ಹೇಗೆ ಬೇಕೋ ಹಾಗೆ ಮುಂದುವರಿಸಿ ಅನ್ನು. ಅವರು ಉತ್ತರ ಕೊಡದಿದ್ದರೆ ಮತ್ತೆ ಕೆದಕಬೇಡ.

ಏನಾಯಿತು ಅಂತ ಭಾನುವಾರ ಫೋನ್ ಮಾಡಿದಾಗ ಹೇಳು. ಅಜ್ಜನೂ ಕಾಯುತ್ತಿದ್ದಾರೆ. ಆವತ್ತು ಊಟಕ್ಕೆ ಕೂತಾಗ ಅವರಿಗೆ ಕಾಸ್ಪರ್ ಅಂದದ್ದು ಕಾಸರಗೋಡು ಅಂತ ಕೇಳಿಸಿದೆ. ದಿನಾ ಸಂಜೆ ಕಷಾಯ ಕುಡಿಯುವಾಗ ಕೇಳುತ್ತಾರೆ: "ಆ ಕಾಸರಗೋಡಿನ ಹುಡುಗನ ಕೈ ಈಗ ಹೇಗುಂಟಂತೆ?"

ಪ್ರೀತಿಯಿಂದ,
ಅಮ್ಮ