ಬುದ್ಧ ಸರ್ಕೀಟ್ ಪಾಳು ಬೀಳದಿರಲಿ

ಮಾನ್ಯ ಸಂಪಾದಕರೆ,

ಉತ್ತರ ಪ್ರದೇಶದ ಗ್ರೇಟರ್ ನೊಯ್ಡಾದಲ್ಲಿ ಬುದ್ಧ ಇಂಟರ್‌ನ್ಯಾಷನಲ್ ಸರ್ಕೀಟ್ ಎಂಬ ಮೋಟಾರು ರೇಸ್ ಟ್ರ್ಯಾಕ್ ಇರುವ ಜಮೀನಿನ ಹಂಚಿಕೆಯನ್ನು ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರವು 2020ರಲ್ಲಿ ರದ್ದುಪಡಿಸಿದ್ದನ್ನು ಅಲಹಾಬಾದ್ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದ ಬಳಿಕ, ಒಡೆತನ ಮತ್ತು ಸಾಲಬಾಕಿಯ ಕುರಿತು ಬೇಕಾದಷ್ಟು ಚರ್ಚೆ ನಡೆದಿದೆ. ಆ ಟ್ರ್ಯಾಕಿನ ಮೇಲೆ ಇನ್ನು ಮುಂದೆ ಯಾರು ಓಡಿಸಬೇಕು ಎಂಬುದನ್ನು ಕೇಳಿದವರು ಕಡಿಮೆ.

ಜರ್ಮನಿಯ ಹರ್ಮನ್ ಟಿಲ್ಕೆ ವಿನ್ಯಾಸಗೊಳಿಸಿದ ಈ ಟ್ರ್ಯಾಕಿನ ಉದ್ದ 5.125 ಕಿ.ಮೀ.; ತಿರುವುಗಳು 16. ಮೂರನೆಯ ತಿರುವಿನವರೆಗೆ ಏರು, ಅದನ್ನು ದಾಟಿದರೆ ಕಿಲೊಮೀಟರಿಗೂ ಮಿಕ್ಕಿದ ನೇರ ದಾರಿ, ಅದರ ತುದಿಯಲ್ಲಿ ಬಲವಾಗಿ ಬ್ರೇಕ್ ಹಾಕಲೇಬೇಕಾದ ನಾಲ್ಕನೆಯ ತಿರುವು. ಎದುರಾಳಿಯನ್ನು ಹಿಂದಿಕ್ಕಲು ಅನುವಾಗಲೆಂದೇ ಕೆಲವು ತಿರುವುಗಳನ್ನು ಅಗಲವಾಗಿ ಕಟ್ಟಲಾಗಿದೆ. ಚಾಲಕರನ್ನು ಪಳಗಿಸಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ದೇಶದಲ್ಲಿಲ್ಲ ಎಂದೇ ನನ್ನ ನಂಬಿಕೆ.

ಕಾರು ರೇಸಿನ ಅತ್ಯುನ್ನತ ಹಂತವಾದ ಫಾರ್ಮುಲಾ 1 ಇಲ್ಲಿ ನಡೆದದ್ದು 2011ರಿಂದ 2013ರವರೆಗೆ ಮಾತ್ರ. ಮೂರೂ ರೇಸುಗಳನ್ನು ಜರ್ಮನಿಯ ಚಾಲಕ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದರು. ಇದು ಕ್ರೀಡೆಯೋ ಮನರಂಜನೆಯೋ ಎಂಬ ತೆರಿಗೆಯ ತಕರಾರು ಆರಂಭದಲ್ಲೇ ಸುಪ್ರೀಂ ಕೋರ್ಟ್ ತಲುಪಿ, ಟಿಕೆಟ್ ಹಣದ ಶೇ 25ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕಾಯಿತು. 2023ರಲ್ಲಿ ವಿಶ್ವಮಟ್ಟದ ಬೈಕ್ ರೇಸ್ ಮೋಟೊಜಿಪಿ ಬಂದಿತು, ಮರುವರ್ಷ ನಡೆಯಲಿಲ್ಲ. ಆಗೊಮ್ಮೆ ಈಗೊಮ್ಮೆ ನಡೆದ ರಾಷ್ಟ್ರೀಯ ರೇಸುಗಳನ್ನು ಬಿಟ್ಟರೆ, ಇಷ್ಟು ದೊಡ್ಡ ಸೌಲಭ್ಯವು ನಮ್ಮ ಯುವಕರಿಗೆ ದಕ್ಕಿದ್ದು ಅತ್ಯಲ್ಪ. ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದರಷ್ಟು ವೈಭವದ್ದಲ್ಲ. ಆದರೂ 1990ರಿಂದ ದಕ್ಷಿಣದ ರೇಸಿಂಗನ್ನು ಅದೇ ಸಾಕಿದೆ. ನಮ್ಮ ಬೆಂಗಳೂರಿನ ಅರ್ಜುನ್ ಮತ್ತು ಕುಶ್ ಮೈನಿ ಸಹೋದರರು ಮೇಲಿನ ಹಂತಕ್ಕೇರಲು ಯುರೋಪಿಗೇ ಹೋಗಬೇಕಾಯಿತು. ಕುಶ್ 2025ರಲ್ಲಿ ಮೊನಾಕೊದಲ್ಲಿ, ಫಾರ್ಮುಲಾ 1ಕ್ಕಿಂತ ಒಂದು ಹಂತ ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ (ಕಿರು) ರೇಸ್ ಗೆದ್ದಾಗ ನನಗಾದ ಹೆಮ್ಮೆಯ ಜೊತೆಗೇ, ಅಷ್ಟು ಖರ್ಚು ಭರಿಸಲಾಗದ ಹುಡುಗ ಹುಡುಗಿಯರ ನೆನಪೂ ಕಾಡಿತು.

ಈ ಸರ್ಕೀಟನ್ನು ಯಾರಿಗೇ ವಹಿಸಿದರೂ, ವರ್ಷದಲ್ಲಿ ಇಂತಿಷ್ಟು ದಿನ ತರಬೇತಿಗೂ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೂ ಕೈಗೆಟಕುವ ಶುಲ್ಕದಲ್ಲಿ ಬಿಟ್ಟುಕೊಡಬೇಕೆಂಬ ಷರತ್ತನ್ನು ಪ್ರಾಧಿಕಾರವು ಒಪ್ಪಂದದಲ್ಲೇ ಸೇರಿಸಬೇಕು. ಟ್ರ್ಯಾಕಿಗೆ ಜಮೀನು ಬಿಟ್ಟುಕೊಟ್ಟು, ಪರಿಹಾರದ ವಿಷಯದಲ್ಲಿ ಅಂದು ಪ್ರತಿಭಟಿಸಿದ ರೈತರ ಮನೆಯ ಮಕ್ಕಳಿಗೆ ಅಲ್ಲಿನ ವರ್ಕ್‌ಶಾಪ್ ಮತ್ತು ಟ್ರ್ಯಾಕ್ ನಿರ್ವಹಣೆಯ ಕೆಲಸಗಳಲ್ಲಿ ಮೊದಲ ಅವಕಾಶ ಸಿಗಬೇಕು. ಮೋಟಾರು ರೇಸಿಗೆ ಯಾವ ತೆರಿಗೆ ಅನ್ವಯ ಎಂಬುದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಮುಂದಿನ ಆಯೋಜಕರು ಬರುವ ಮುನ್ನವೇ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ, ಬೆಂಗಳೂರು